ಹಗುರ ಗಾಡಿ, ಸಣ್ಣ ಕಿರಿಕಿರಿ

(ಬಿಕ್ಕೋಡು ಹೋಬಳಿಯ ಒಂದು ಕಾಫಿ ತೋಟ. ಕಣದ ಪಕ್ಕದ ಶೆಡ್ಡಿನಲ್ಲಿ ಎರಡು ಸೀಟಿನ, ಬಟ್ಟೆ ಟಾಪಿನ ಸಾನ್ ಸ್ಟಾರ್ಮ್ ಕಾರು ನಿಂತಿದೆ. ಬೆಂಗಳೂರಿನ ಕೆಲಸ ಬಿಟ್ಟು ತೋಟ ನೋಡಿಕೊಳ್ಳಲು ಬಂದವಳು ಅದನ್ನು ಕೊಂಡಿದ್ದಾಳೆ. ಎದುರಿಗಿರುವವರು ಅವಳ ಸೋದರಮಾವ. ರ‍್ಯಾಲಿ ಗಾಡಿಗಳ ಸರ್ವಿಸ್ ತಂಡಗಳಲ್ಲಿ ಬಹಳ ವರ್ಷ ದುಡಿದವರು.)

— ಮಾವ, ಪಟ್ಟಿ ಬರೆದಿಟ್ಟಿದ್ದೀನಿ. ಕಟಕಟ ಸದ್ದು, ಮಳೆ ನೀರು, ಲೈಟು, ರೇಡಿಯೊ, ಬಾನೆಟ್ ಹತ್ತಿರ ಬಿರುಕು, ಒಳಗೆ ಮುಗ್ಗಲು ವಾಸನೆ. ಒಂದೊಂದೇ ನೋಡಿದರೆ ಯಾವುದೂ ದೊಡ್ಡದಲ್ಲ. ಎಲ್ಲಾ ಸೇರಿದಾಗ ಮಾತ್ರ ತಲೆ ತಿನ್ನುತ್ತೆ.

— ಪಟ್ಟಿ ಇರಲಿ. ತೋಟಕ್ಕೆ ಜೀಪಿದೆ, ಮನೆಗೆ ಕಾರಿದೆ. ಇದನ್ನ ಯಾಕೆ ತಗೊಂಡೆ ಅನ್ನೋದನ್ನ ಮೊದಲು ಹೇಳು. ಅದು ಗೊತ್ತಾಗದೆ ನಾನು ಸ್ಪ್ಯಾನರ್ ಮುಟ್ಟಲ್ಲ.

— ಯಾಕೆ ಅಂದರೆ... ಓಡಿಸಿದಾಗ ರಸ್ತೆ ಕೈಗೆ ಸಿಗುತ್ತೆ ಮಾವ. ಬೇಲೂರಿಗೆ ಹೋಗೋ ದಾರಿ ನಾನು ಚಿಕ್ಕಂದಿನಿಂದ ನೋಡಿದ್ದು. ಆದರೆ ಅದರ ತಿರುವು ಎಷ್ಟು ಚೆನ್ನಾಗಿದೆ ಅಂತ ಈ ಗಾಡಿ ಬಂದ ಮೇಲೇ ಗೊತ್ತಾಗಿದ್ದು. ಅದರ ಜೊತೆಗೆ ಇದು ನಮ್ಮ ಕಡೆಯವರು ಮಾಡಿದ ಗಾಡಿ ಅನ್ನೋ ಅಭಿಮಾನವೂ ಇದೆ. ಬೆಂಗಳೂರಿನ ಸಾನ್ ಎಂಜಿನಿಯರಿಂಗ್ ಅಂಡ್ ಲೋಕೋಮೋಟಿವ್ ಕಂಪನಿ ರೈಲಿನ ಕೆಲಸ ಮಾಡ್ತಿದ್ದದ್ದು. ಅವರು ಧೈರ್ಯ ಮಾಡಿ 1990ರ ದಶಕದ ಕೊನೆಗೆ ಇಂಥದ್ದೊಂದು ಕಾರು ತಂದರಲ್ಲ!

— ಹೌದು. ಗೋವಾದಲ್ಲಿ ತಯಾರಾಗ್ತಿತ್ತು. ವಿನ್ಯಾಸ ಫ್ರಾನ್ಸಿನವರದು, ಎಂಜಿನ್ ರೆನೋದು. 1149 ಸಿಸಿ, ಅರವತ್ತರ ಆಸುಪಾಸು ಕುದುರೆ ಬಲ. ಯುರೋಪಿನಲ್ಲಿ ಟ್ವಿಂಗೊ, ಕ್ಲಿಯೊ ಅಂತ ಸಣ್ಣ ಕಾರುಗಳಿಗೆ ಹಾಕ್ತಿದ್ದ ಎಂಜಿನ್ ಅದು. ಇವತ್ತು ಸಂತೆಗೆ ಹೋಗೋ ಸಾಧಾರಣ ಕಾರಿಗೂ ಇದಕ್ಕಿಂತ ಹೆಚ್ಚು ಬಲ ಇರುತ್ತೆ. ಆದರೂ ನಿನಗೆ ಈ ಗಾಡಿಯಲ್ಲಿ ಸುಖ ಸಿಕ್ಕಿದೆ. ಆ ಸುಖ ಬಂದಿದ್ದು ಬಲದಿಂದ ಅಲ್ಲ, ಫೈಬರ್ ಬಾಡಿಯ ಹಗುರದಿಂದ. ಇದನ್ನ ನೆನಪಿಟ್ಟುಕೋ. ನಿನ್ನ ಪಟ್ಟಿಯ ಅರ್ಧ ಕಿರಿಕಿರಿ ಹುಟ್ಟಿರೋದೂ ಅದೇ ಹಗುರದಿಂದ. ಭಾರದ ಗಾಡಿ ತನ್ನ ಸಣ್ಣಪುಟ್ಟ ಸದ್ದನ್ನೆಲ್ಲಾ ರಬ್ಬರು, ಫೋಮು, ದಪ್ಪ ತಗಡಿನ ಒಳಗೆ ನುಂಗಿಕೊಳ್ಳುತ್ತೆ. ಇದಕ್ಕೆ ನುಂಗೋ ಹೊಟ್ಟೆಯೇ ಇಲ್ಲ. ಎಲ್ಲಾ ನೇರವಾಗಿ ಹೇಳಿಬಿಡುತ್ತೆ.

— ಹಾಗಾದರೆ ಸಹಿಸಿಕೋ ಅಂತೀರಾ?

— ಯಾರು ಅಂದರು? ದೋಷ ಇದ್ದರೆ ತೆಗೀಬೇಕು. ಗುಣವನ್ನ ದೋಷ ಅಂತ ತಿಳಿದು ತೆಗೆಯೋಕೆ ಹೋಗಬಾರದು ಅಷ್ಟೆ. ಎಲ್ಲಿ, ಗಾಳಿ ನೋಡೋ ಗೇಜ್ ಕೊಡು.

— ಟೈರಿಗೆ ಮೊನ್ನೆ ತಾನೇ ಗಾಳಿ ಹಾಕಿಸಿದ್ದೀನಿ.

— ಅದಕ್ಕೇ ಕೇಳಿದ್ದು. ನೋಡು, 40 ಇದೆ. ಪಂಕ್ಚರ್ ಅಂಗಡಿಯ ಹುಡುಗನಿಗೆ ಪಿಕಪ್ ಬಂದರೂ ಒಂದೇ, ಇದು ಬಂದರೂ ಒಂದೇ, ಗಟ್ಟಿಯಾಗೋವರೆಗೂ ಬಿಡ್ತಾನೆ. ಇಷ್ಟು ಹಗುರದ ಗಾಡಿಗೆ ಅಷ್ಟು ಗಾಳಿ ತುಂಬಿದರೆ ಟೈರು ಬಗ್ಗೋದೇ ಇಲ್ಲ. ರಸ್ತೆಯ ಕಲ್ಲೆಲ್ಲಾ ನೇರ ಬಾಡಿಗೆ ಬಡಿಯುತ್ತೆ. ಕಂಪನಿ ಪುಸ್ತಕದಲ್ಲಿ ಎಷ್ಟು ಹೇಳಿದೆಯೋ ಅಷ್ಟಕ್ಕೆ ಇಳಿಸು. ಬೆಳಿಗ್ಗೆ, ಟೈರು ತಣ್ಣಗಿದ್ದಾಗ ನೋಡು. ಓಡಿಸಿ ಬಂದ ಮೇಲೆ ನೋಡಿದರೆ ಬಿಸಿಗೆ ನಾಲ್ಕು ಪಾಯಿಂಟು ಹೆಚ್ಚು ತೋರಿಸುತ್ತೆ. ಕಾಸು ಖರ್ಚಿಲ್ಲದ ರಿಪೇರಿ ಇದು. ಹೀಗೆ ಒಂದು ಸುತ್ತು ಹೋಗಿ ಬಂದ ಮೇಲೂ ಉಳಿದ ಸದ್ದು ಯಾವುದೋ ಅದಕ್ಕೆ ಮಾತ್ರ ಔಷಧಿ.

(ಅವಳು ಆನೆ ಕಂದಕದವರೆಗೆ ಹೋಗಿ ಬಂದಳು. ಮುಖ ಅರಳಿದೆ.)

— ಅರ್ಧ ಹೋಯಿತು ಮಾವ! ಡ್ಯಾಶ್‌ಬೋರ್ಡ್ ನಡುಗ್ತಿದ್ದದ್ದು ನಿಂತೇಹೋಯ್ತು. ಆದರೆ ಬೆನ್ನ ಹಿಂದೆ ಕಟಕಟ ಇನ್ನೂ ಇದೆ. ಬಾಗಿಲಲ್ಲೂ ಏನೋ ಕಿರ್ರ್ ಅನ್ನುತ್ತೆ.

— ಸದ್ದು ಹುಡುಕೋದಕ್ಕೆ ಇಬ್ಬರು ಬೇಕು. ಓಡಿಸೋವನ ಕಿವಿ ರಸ್ತೆ ಮೇಲಿರುತ್ತೆ. ಮೊದಲು ಡಿಕ್ಕಿ ಖಾಲಿ ಮಾಡು. ಸ್ಟೆಪ್ನಿ, ಜಾಕಿ, ಸ್ಪ್ಯಾನರು, ನೀರಿನ ಬಾಟಲಿ, ಎಲ್ಲಾ. ಬಾಗಿಲ ಜೇಬಿನ ಚಿಲ್ಲರೆ ಕೂಡ ಬಿಡಬೇಡ. ನಾನು ನೋಡಿದ ಗಾಡಿಗಳಲ್ಲಿ ‘ಶಾಕ್ ಅಬ್ಸಾರ್ಬರ್ ಹೋಗಿದೆ’ ಅಂತ ಬಂದವು ಎಷ್ಟೋ, ಜಾಕಿಗೆ ಒಂದು ಗೋಣಿತಾಟು ಸುತ್ತಿದ ಮೇಲೆ ಸುಮ್ಮನಾಗಿವೆ. ಆಮೇಲೆ ಸೀಟ್‌ಬೆಲ್ಟು. ಪಕ್ಕದ ಸೀಟು ಖಾಲಿ ಇದ್ದಾಗ ಅದರ ಲೋಹದ ನಾಲಿಗೆ ಫೈಬರಿಗೆ ತಾಗಿ ಬಡಿಯುತ್ತೆ. ಬೆನ್ನ ಹಿಂದಿನ ಕಟಕಟ ಅದೇ ಇರಬೇಕು. ಬಕಲ್ ಹಾಕಿ ನೋಡು.

— ...ಅದೇ! ಎಷ್ಟು ಸುಲಭ. ನಾನು ಹಿಂದಿನ ಆಕ್ಸಲ್ಲೇ ಹೋಯಿತೇನೋ ಅಂತ ನಿದ್ದೆ ಕೆಡಿಸಿಕೊಂಡಿದ್ದೆ. ಬಾಗಿಲಿನದು?

— ಅದು ಬೇರೆ ಕತೆ. ತಲೆ ಮೇಲೆ ಗಟ್ಟಿ ಚಾವಣಿ ಇರೋ ಕಾರಿನಲ್ಲಿ ಮಾಡು, ಕಂಬ, ನೆಲ ಎಲ್ಲಾ ಸೇರಿ ಒಂದು ಪೆಟ್ಟಿಗೆ. ಪೆಟ್ಟಿಗೆ ಸುಲಭವಾಗಿ ತಿರುಚಿಕೊಳ್ಳಲ್ಲ. ಮಾಡು ಬಿಚ್ಚಿದ ಗಾಡಿಯಲ್ಲಿ ಆ ಕೆಲಸವನ್ನೆಲ್ಲಾ ನೆಲದ ಚೌಕಟ್ಟು ಒಂದೇ ಮಾಡಬೇಕು. ಒಂದು ಚಕ್ರ ಹಂಪಿನ ಮೇಲೆ, ಮೂರು ಕೆಳಗೆ ಇದ್ದಾಗ ಬಾಡಿ ಕೂದಲೆಳೆಯಷ್ಟು ತಿರುಚುತ್ತೆ. ಆಗ ಬಾಗಿಲ ರಬ್ಬರ್ ಬೀಡಿಂಗ್ ಚೌಕಟ್ಟಿಗೆ ಉಜ್ಜಿ ಕಿರ್ರ್ ಅನ್ನುತ್ತೆ. ಪ್ರಪಂಚದ ಎಲ್ಲಾ ತೆರೆದ ಗಾಡಿಗಳದ್ದೂ ಇದೇ ಹಾಡು. ಬೀಡಿಂಗ್ ಒರೆಸಿ ಸಿಲಿಕೋನ್ ಗ್ರೀಸನ್ನ ಬಟ್ಟೆಗೆ ಹಚ್ಚಿ ತೆಳ್ಳಗೆ ಸವರು, ಸದ್ದು ನಿಲ್ಲುತ್ತೆ. ಎಂಜಿನ್ ಆಯಿಲ್, ಸಾದಾ ಗ್ರೀಸ್ ಮುಟ್ಟಿಸಬೇಡ, ರಬ್ಬರು ಊದಿಕೊಂಡು ಕೊಳೆಯುತ್ತೆ. ಆದರೆ ಬಾಡಿ ತಿರುಚೋದು ಇದ್ದೇ ಇರುತ್ತೆ, ಅದು ಇದರ ಗುಣ. ಬಾಗಿಲೇ ಕೆಳಗಿಳಿದು ಬೀಗದ ಕೊಂಡಿಗೆ ಬಡಿಯೋಕೆ ಶುರುವಾದರೆ ಅದು ದೋಷ, ಹಿಂಜ್ ನೋಡಬೇಕು.

— ನಾನು ಬೇರೇನೇ ಯೋಚಿಸಿದ್ದೆ. ಬೆಂಗಳೂರಲ್ಲಿ ಒಬ್ಬರು ನೆಲ, ಬಾಗಿಲು, ಡಿಕ್ಕಿ ಪೂರ್ತಿ ಡ್ಯಾಂಪಿಂಗ್ ಶೀಟು ಅಂಟಿಸಿ ಕೊಡ್ತೀವಿ ಅಂದರು. ಜೊತೆಗೆ ದೊಡ್ಡ ಸ್ಪೀಕರ್, ಅಗಲ ಟೈರು.

— ಬೇಡ ಕಣೆ. ಆ ಟಾರಿನ ಶೀಟು ಬಹಳ ತೂಕದ್ದು, ಗಾಡಿ ತುಂಬಾ ಅಂಟಿಸಿದರೆ ಹತ್ತಾರು ಕಿಲೋ ಸೇರುತ್ತೆ. ಅದರ ಮೇಲೆ ಸ್ಪೀಕರು, ಆಂಪ್ಲಿಫೈಯರು, ಅಗಲ ಟೈರು. ಹೋಗ್ತಾ ಹೋಗ್ತಾ ನೀನು ಮೆಚ್ಚಿ ತಂದ ಗಾಡಿ ಉಳಿಯೋದೇ ಇಲ್ಲ, ಅದರ ಆಕಾರದ ಇನ್ಯಾವುದೋ ಗಾಡಿ ಉಳಿಯುತ್ತೆ. ಕೆ-1000 ರ‍್ಯಾಲಿಗೆ, ಚಿಕ್ಕಮಗಳೂರಿನ ತೋಟದ ರ‍್ಯಾಲಿಗಳಿಗೆ ಗಾಡಿ ತಯಾರು ಮಾಡೋವಾಗ ನಮ್ಮ ಮೊದಲ ಕೆಲಸ ಬಿಚ್ಚೋದು. ಮ್ಯಾಟು, ಹಿಂದಿನ ಸೀಟು, ಬಾಗಿಲ ಒಳಪದರ, ಎಲ್ಲಾ ಹೊರಗೆ. ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ ಜೀವಮಾನವಿಡೀ ಹಿಡಿದ ಹಟವೂ ಅದೇ. ಬಲ ಏರಿಸಿದರೆ ನೇರ ರಸ್ತೆಯಲ್ಲಿ ಮಾತ್ರ ಲಾಭ, ತೂಕ ಇಳಿಸಿದರೆ ಬ್ರೇಕಿಗೂ ತಿರುವಿಗೂ ಏರಿಗೂ ಲಾಭ.

— ರ‍್ಯಾಲಿ ಗಾಡಿ ಮಾತು ಬಿಡಿ ಮಾವ. ಅದನ್ನ ಓಡಿಸೋವನು ಹೆಲ್ಮೆಟ್ ಹಾಕಿರ್ತಾನೆ, ಸಂಜೆಗೆ ಇಳಿದು ಹೋಗ್ತಾನೆ. ನಾನು ಇದರಲ್ಲಿ ಹಾಸನಕ್ಕೆ ಹೋಗಿ, ಬ್ಯಾಂಕಿನ ಕೆಲಸ ಮುಗಿಸಿ, ಕತ್ತಲಾಗೋ ಮುಂಚೆ ಮನೆ ಸೇರಬೇಕು. ಎಂಬತ್ತರ ವೇಗದಲ್ಲಿ ಬಾಗಿಲ ಪ್ಯಾನೆಲ್ಲು ಬುಮ್ಮ್ ಅಂತಾನೇ ಇರುತ್ತೆ. ಮನೆಗೆ ಬಂದಾಗ ತಲೆ ಸಿಡಿಯುತ್ತೆ. ಸದ್ದೂ ಒಂದು ಆಯಾಸವೇ. ಹಗುರ ಅನ್ನೋ ಹೆಸರಲ್ಲಿ ಅದನ್ನ ಹೊತ್ತುಕೊಂಡು ತಿರುಗಬೇಕಾ?

— ...ಇಲ್ಲ, ನೀನು ಹೇಳೋದು ಸರಿ. ಬುಮ್ಮ್ ಅನ್ನೋದು ಪ್ಯಾನೆಲ್ಲಿನ ನಡುಭಾಗ ತಮಟೆಯ ಚರ್ಮದಂತೆ ಅದುರೋದರಿಂದ. ಅದಕ್ಕೆ ಪೂರ್ತಿ ಮುಚ್ಚೋದು ಬೇಕಿಲ್ಲ. ಬೆರಳಿನಿಂದ ತಟ್ಟುತ್ತಾ ಹೋಗು. ಎಲ್ಲಿ ಟೊಳ್ಳು ಸದ್ದು ಬರುತ್ತೋ ಆ ನಡು ಜಾಗಕ್ಕೆ ಮಾತ್ರ ಅಂಗೈ ಅಗಲದ ಎರಡು ತುಂಡು ಅಂಟಿಸು. ಪ್ಯಾನೆಲ್ಲಿನ ಕಾಲು ಭಾಗ ಮುಚ್ಚಿದರೂ ಅದುರು ಬಹುಪಾಲು ಸಾಯುತ್ತೆ. ಎರಡು ಬಾಗಿಲಿಗೂ ಸೇರಿ ಒಂದು ಕಿಲೋ ದಾಟದ ಹಾಗೆ ನೋಡಿಕೋ. ಅದಕ್ಕೆ ನನ್ನ ಒಪ್ಪಿಗೆ ಇದೆ.

— ಒಪ್ಪಿದಿರಲ್ಲ, ಅಷ್ಟು ಸಾಕು. ಈಗ ಲೈಟಿನ ವಿಷಯ. ಇದು ನಿಜವಾಗಿ ಭಯ ಹುಟ್ಟಿಸಿದೆ. ರಾತ್ರಿ ಬರ್ತಾ ಹೆಡ್‌ಲೈಟು ಮಂಕಾಗುತ್ತೆ. ಎಡಗಡೆ ಇಂಡಿಕೇಟರ್ ಹಾಕಿದರೆ ಹಿಂದಿನ ಲೈಟೂ ಅದರ ಜೊತೆ ಮಿಣುಕುತ್ತೆ ಅಂತ ಹಿಂದೆ ಬಂದವರು ಹೇಳಿದರು. ಬ್ರೇಕ್ ಒತ್ತಿದಾಗ ಪೆಟ್ರೋಲ್ ಮುಳ್ಳು ಕುಣಿಯುತ್ತೆ. ಎಲೆಕ್ಟ್ರಿಷಿಯನ್ ಒಬ್ಬರು ಬಲ್ಬು ಬದಲಿಸಿದರು, ಫ್ಲ್ಯಾಷರ್ ಬದಲಿಸಿದರು, ಏನೂ ಆಗಲಿಲ್ಲ.

— ಇದನ್ನ ಪಟ್ಟಿಯ ತಲೆಯ ಮೇಲೆ ಬರೀಬೇಕಿತ್ತು ನೀನು. ಭೀಮನೋ, ಇನ್ಯಾವ ಆನೆಯೋ ಯಾವ ತಿರುವಿನಲ್ಲಿ ನಿಂತಿರುತ್ತೆ ಅಂತ ಗೊತ್ತಿಲ್ಲದ ರಸ್ತೆ ಇದು. ಆನೆ ಕಾರ್ಯಪಡೆಯವರ ಮೆಸೇಜು ಬಂದ ದಿನ ನೀನು ಹುಷಾರಾಗಿರ್ತೀಯ. ಬಾರದ ದಿನ? ಕಪ್ಪು ರಸ್ತೆ, ಕಪ್ಪು ಮೈ, ಮಂಕು ಲೈಟು. ಈ ಗಾಡಿಯಲ್ಲಿ ನೀನು ಕೂರೋದೇ ನೆಲಕ್ಕೆ ಹತ್ತಿರ. ಇಲ್ಲಿ ಬಾ, ಇದನ್ನ ಸರಿಯಾಗಿ ತಿಳಕೋ. ಮಾಮೂಲಿ ಕಾರಿನಲ್ಲಿ ಬ್ಯಾಟರಿಯ ಮೈನಸ್ ಬಾಡಿಗೆ ಸೇರಿರುತ್ತೆ. ಬಲ್ಬಿಗೆ ಪ್ಲಸ್ ವೈರು ಒಂದು ಬಂದರೆ ಸಾಕು, ಕರೆಂಟು ವಾಪಸು ಹೋಗೋಕೆ ಇಡೀ ತಗಡೇ ದಾರಿ. ಫೈಬರಿನಲ್ಲಿ ಕರೆಂಟು ಹರಿಯಲ್ಲ. ಹಾಗಾಗಿ ಪ್ರತಿ ಲೈಟಿನಿಂದಲೂ ಒಂದು ಅರ್ಥ್ ವೈರು ಎಳೆದು, ಒಳಗಿನ ಕಬ್ಬಿಣದ ಚೌಕಟ್ಟಿಗೆ ಬೋಲ್ಟ್ ಹಾಕಬೇಕು. ಫೈಬರ್ ಗಾಡಿಯ ಲೈಟಿನ ಕಾಯಿಲೆ ನೂರಕ್ಕೆ ತೊಂಬತ್ತು ಆ ಬೋಲ್ಟಿನಲ್ಲಿ ಇರುತ್ತೆ.

— ಆದರೆ ಇಂಡಿಕೇಟರ್ ಹಾಕಿದರೆ ಹಿಂದಿನ ಲೈಟು ಯಾಕೆ ಮಿಣುಕಬೇಕು?

— ಒಂದೇ ಗುಂಪಿನ ಮೂರು ಬಲ್ಬಿಗೂ ವಾಪಸು ಹೋಗೋ ವೈರು ಒಂದೇ. ಆ ದಾರಿ ತುಕ್ಕು ಹಿಡಿದು ಮುಚ್ಚಿದಾಗ ಇಂಡಿಕೇಟರಿನ ಕರೆಂಟು ಬೇರೆ ದಾರಿ ಹುಡುಕುತ್ತೆ. ಪಕ್ಕದ ಬಲ್ಬಿನ ಒಳಗಿಂದ ಹಿಂದಕ್ಕೆ ಹಾದು, ಆ ಕಡೆಯ ವೈರಿನಿಂದ ಮನೆ ಸೇರುತ್ತೆ. ಹಾದುಹೋಗೋವಾಗ ಆ ಬಲ್ಬೂ ಮಿಣುಕುತ್ತೆ. ಎರಡು ಲೈಟು ಒಟ್ಟಿಗೆ ಹುಚ್ಚಾಟ ಆಡಿದರೆ ಬಲ್ಬನ್ನ ಅನುಮಾನಿಸಬೇಡ, ಅವೆರಡಕ್ಕೂ ಸೇರಿದ ಅರ್ಥನ್ನ ಅನುಮಾನಿಸು. ಮಲ್ಟಿಮೀಟರ್ ಇದೆಯಾ?

— ಇದೆ. 20 ವೋಲ್ಟಿಗೆ ಇಟ್ಟೆ.

— ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ. ಕೆಂಪು ಕಡ್ಡಿ ಹೆಡ್‌ಲೈಟಿನ ಅರ್ಥ್ ವೈರು ಲೈಟಿಗೆ ಸೇರೋ ಜಾಗಕ್ಕೆ. ಈಗ ಹೆಡ್‌ಲೈಟ್ ಹಾಕು. ಲೈಟು ಉರೀತಿರೋವಾಗಲೇ ನೋಡಬೇಕು. ಕರೆಂಟು ಹರಿಯದಿದ್ದರೆ ಮೀಟರು ಸೊನ್ನೆ ತೋರಿಸಿ ದಾರಿ ತಪ್ಪಿಸುತ್ತೆ. ಎಷ್ಟು?

— 1.6.

— 0.2 ದಾಟಬಾರದು. ಅಂದರೆ ಬ್ಯಾಟರಿ ಕೊಟ್ಟ ವೋಲ್ಟೇಜಿನಲ್ಲಿ ಒಂದೂವರೆ ಹಾದಿಯಲ್ಲೇ ಸೋರಿ ಹೋಗ್ತಿದೆ. ಒಂದೂವರೆ ತಾನೇ ಅನ್ನಬೇಡ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜು ನೂರಕ್ಕೆ 10 ಕಡಿಮೆಯಾದರೆ ಬೆಳಕು ಹತ್ತಿರ ಹತ್ತಿರ 30 ಕಡಿಮೆಯಾಗುತ್ತೆ. ಈಗ ಈ ಉದ್ದ ವೈರು ತಗೊಂಡು ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ತುದಿ ಅದೇ ಜಾಗಕ್ಕೆ ಮುಟ್ಟಿಸು. ಗೋಡೆ ನೋಡು.

— ಅಯ್ಯೋ! ಎಷ್ಟು ಬೆಳ್ಳಗಾಯಿತು!

— ಸಿಕ್ಕಿತು. ಈಗ ಆ ವೈರಿನ ಜಾಡು ಹಿಡಿದು ಬೋಲ್ಟಿನವರೆಗೆ ಹೋಗು. ಬಿಚ್ಚು. ಲಗ್ ನೋಡು, ಹಸಿರು ಪುಡಿ ಕಟ್ಟಿದೆ. ಅದರ ಕೆಳಗೆ ಚೌಕಟ್ಟಿನ ಪೇಂಟೂ ಇದೆ, ಯಾರೋ ಪೇಂಟ್ ಮೇಲೇ ಬೋಲ್ಟ್ ಹಾಕಿದ್ದಾರೆ. ಈ ಕಡೆಯ ಮಳೆಗಾಲ ಜೂನಿನಿಂದ ಶುರುವಾದರೆ ತಿಂಗಳುಗಟ್ಟಲೆ ಶೆಡ್ಡಿನ ಗಾಳಿಯೇ ಒದ್ದೆ. ತಾಮ್ರ ಹಸಿರಾಗೋಕೆ ಇನ್ನೇನು ಬೇಕು? ಉಪ್ಪುಕಾಗದ ಹಿಡಿದು ಕಬ್ಬಿಣ ಹೊಳೆಯೋವರೆಗೆ ಉಜ್ಜು. ಹೊಸ ಲಗ್ ಹಾಕು, ಪ್ಲೈಯರಿನಲ್ಲಿ ಚಪ್ಪಟೆ ಮಾಡಿ ಬಿಡಬೇಡ, ಕ್ರಿಂಪಿಂಗ್ ಟೂಲಿನಲ್ಲೇ ಒತ್ತು. ಹಲ್ಲಿನ ವಾಷರ್ ಇಟ್ಟು ಬಿಗಿ ಮಾಡು. ಬಿಗಿ ಮಾಡಿದ ಮೇಲೆ, ಮೊದಲಲ್ಲ, ಮೇಲಿಂದ ಪೆಟ್ರೋಲಿಯಂ ಜೆಲ್ಲಿ ಬಳಿ. ಇದೇ ರೀತಿ ಹಿಂದಿನ ಎರಡು ಕಡೆ, ಪೆಟ್ರೋಲ್ ಟ್ಯಾಂಕಿನದು, ವೈಪರಿನದು, ಎಲ್ಲಾ ಅರ್ಥನ್ನೂ ಒಂದೇ ದಿನ ಕೂತು ಮಾಡಿಬಿಡು. ಆ ಕುಣಿಯೋ ಮುಳ್ಳೂ ಸುಮ್ಮನಾಗುತ್ತೆ.

— ರೇಡಿಯೊ ಗೊರಗೊರ ಅನ್ನೋದೂ ಇದಕ್ಕೇನಾ? ಆಕಾಶವಾಣಿ ಹಾಸನ ಹಿಡಿಯೋಕೇ ಒದ್ದಾಡುತ್ತೆ.

— ಸ್ವಲ್ಪ ಇದಕ್ಕೆ, ಸ್ವಲ್ಪ ಫೈಬರಿಗೆ. ಆಂಟೆನಾ ಕಡ್ಡಿಯ ಬುಡಕ್ಕೆ ಲೋಹದ ಹಾಸು ಬೇಕು. ತಗಡಿನ ಕಾರಿನಲ್ಲಿ ಬಾಡಿಯೇ ಆ ಕೆಲಸ ಮಾಡುತ್ತೆ. ಇಲ್ಲಿ ಒಳಗಡೆಯಿಂದ ಒಂದು ಅಲ್ಯೂಮಿನಿಯಂ ತಗಡು ಅಂಟಿಸಿ, ಆಂಟೆನಾ ಬುಡಕ್ಕೂ ಅರ್ಥಿಗೂ ಸೇರಿಸು. ತೂಕ ಲೆಕ್ಕಕ್ಕೇ ಬರಲ್ಲ. ಮುಂದಿನದು ಏನು, ನೀರಾ?

— ನೀರು. ನನ್ನ ಕಾಲಿನ ಹತ್ತಿರ ಮ್ಯಾಟು ಒದ್ದೆ. ಟಾಪಿನ ಬಟ್ಟೆ ಹರಿದಿಲ್ಲ, ಹೊಲಿಗೆ ಚೆನ್ನಾಗಿದೆ. ಮುಂದಿನ ಗಾಜಿನ ಸುತ್ತ ಸಿಲಿಕೋನ್ ತುಂಬಿಸಿದೆ. ಆದರೂ ನಿಂತಿಲ್ಲ.

— ಹೆಂಚಿನ ಮನೆಯಲ್ಲಿ ಬೆಳೆದವಳು ನೀನು. ಹೆಂಚು ಒಡೆದ ಜಾಗದ ಕೆಳಗೇ ಹನಿ ಬೀಳುತ್ತಾ? ರೀಪರ್ ಹಿಡಿದು ಜಾರಿ ಎಲ್ಲೋ ಬೀಳುತ್ತೆ. ಗಾಡಿಯಲ್ಲೂ ಅಷ್ಟೆ. ಒದ್ದೆಯಾದ ಜಾಗ ನೀರಿನ ಕೊನೆ, ಅದರ ಬಾಯಿ ಇನ್ನೆಲ್ಲೋ. ಸಿಲಿಕೋನ್ ತುಂಬಿದ್ದು ಆತುರದ ಕೆಲಸ. ಅದು ಒಂದು ಬಾಯಿ ಮುಚ್ಚಿ ನೀರನ್ನ ಇನ್ನೊಂದು ಕಡೆ ತಿರುಗಿಸುತ್ತೆ, ಆಮೇಲೆ ಹುಡುಕೋದೇ ಕಷ್ಟ. ಮ್ಯಾಟ್ ತೆಗೆದು, ನೆಲ ಒಣಗಿಸಿ, ನೀನು ಟಾರ್ಚ್ ಹಿಡಿದು ಒಳಗೆ ಕೂತುಕೋ. ನಾನು ಪೈಪಿನಲ್ಲಿ ಸಣ್ಣಗೆ ನೀರು ಬಿಡ್ತೀನಿ. ಕೆಳಗಿನಿಂದ ಮೇಲಕ್ಕೆ ಬರ್ತೀನಿ. ಮೊದಲು ಬಾಗಿಲ ಬುಡ, ಆಮೇಲೆ ಕಿಟಕಿಯ ಸಾಲು, ಆಮೇಲೆ ಗಾಜಿನ ಬುಡ, ಕೊನೆಗೆ ಟಾಪು. ಮೇಲಿಂದ ಶುರು ಮಾಡಿದರೆ ಎಲ್ಲಾ ಒಟ್ಟಿಗೆ ಒದ್ದೆಯಾಗಿ ಏನೂ ತಿಳಿಯಲ್ಲ. ಒಂದೊಂದು ಜಾಗದಲ್ಲೂ ತಾಳ್ಮೆಯಿಂದ ನಿಲ್ಲಬೇಕು.

— ...ಬಾಗಿಲ ಬುಡ, ಇಲ್ಲ. ಕಿಟಕಿ, ಇಲ್ಲ. ...ಮಾವ, ಬಂತು! ವೈಪರಿನ ಕೆಳಗೆ ಬಿಟ್ಟಾಗ ಡ್ಯಾಶ್‌ಬೋರ್ಡಿನ ಒಳಗಿಂದ ವೈರಿನ ಕಟ್ಟಿನ ಮೇಲೆ ಇಳಿದು ಬರ್ತಿದೆ.

— ವೈಪರ್ ತಳದ ತೊಟ್ಟಿಯಲ್ಲಿ ನೀರು ನಿಲ್ತಿದೆ. ಅಲ್ಲಿ ಬಿದ್ದ ನೀರು ಹೊರಗೆ ಹೋಗೋಕೆ ತೂತು ಇರಲೇಬೇಕು. ಬಾನೆಟ್ ಎತ್ತು. ನೋಡು, ಸಿಲ್ವರ್ ಓಕಿನ ಎಲೆ ಕೊಳೆತು ಗೊಬ್ಬರ ಆಗಿದೆ. ತೋಟದ ಮಧ್ಯೆ ನಿಲ್ಲೋ ಗಾಡಿಗೆ ಇದು ತಪ್ಪದ ಕೆಲಸ, ವಾರಕ್ಕೊಮ್ಮೆ ಕೈ ಹಾಕಿ ತೆಗೀಬೇಕು. ತೂತಿಗೆ ದಪ್ಪ ನೈಲಾನ್ ದಾರ ತೂರಿಸು, ಕಂಪ್ರೆಸರ್ ಗಾಳಿ ಹೊಡೀಬೇಡ. ಒಳಗೆ ಪೈಪು ಜೋಡಿಸಿದ್ದರೆ ಕಿತ್ತು ಹೋಗುತ್ತೆ. ನೀರು ತುಂಬಿ ಏರಿದಾಗ ವೈರು ಹಾದುಹೋಗೋ ರಬ್ಬರ್ ಬುಶ್ಶಿನ ಸಂದಿಯಿಂದ ಒಳಗಿಳೀತಿತ್ತು. ಆ ಬುಶ್ ಒಣಗಿ ಬಿರುಕು ಬಿಟ್ಟಿದೆ, ಅದನ್ನೂ ಬದಲಿಸು. ಬಾಗಿಲ ತಳದ ತೂತುಗಳನ್ನೂ ನೋಡು. ಬಾಗಿಲ ಒಳಗೆ ನೀರು ಬರೋದು ಸಹಜ, ಕಿಟಕಿ ಗಾಜಿನ ಜೊತೆ ಇಳಿಯುತ್ತೆ. ಹೊರಗೆ ಹೋಗದೆ ನಿಂತರೆ ಮಾತ್ರ ಕೇಡು.

— ಮುಗ್ಗಲು ವಾಸನೆ?

— ಅದು ಬೇರೆ ಕಾಯಿಲೆ ಅಲ್ಲ, ಇದೇ ನೀರಿನದು. ಮ್ಯಾಟಿನ ಕೆಳಗಿನ ಫೋಮು ಕಿತ್ತು ಕಣದಲ್ಲಿ ಬಿಸಿಲಿಗೆ ಹಾಕು. ಇನ್ನೊಂದು, ಒದ್ದೆ ಟಾಪನ್ನ ಮಡಚಿ ಇಡಬೇಡ. ಮಡಿಕೆಯ ಒಳಗೆ ಬೂಸ್ಟು ಬಂದು ಕಲೆ ಕೂತರೆ ಹೋಗಲ್ಲ. ಹಿಂದಿನ ಪ್ಲಾಸ್ಟಿಕ್ ಕಿಟಕಿಯನ್ನ ಒಣಬಟ್ಟೆಯಲ್ಲಿ ಒರೆಸಲೇಬೇಡ. ಈ ಕೆಂಪು ದೂಳು ಅರದ ಹಾಗೆ ಗೀಚುತ್ತೆ. ಧಾರಾಳವಾಗಿ ನೀರು ಸುರಿದು, ದೂಳು ಹರಿದು ಹೋದ ಮೇಲೆ ಬರಿಗೈಯಲ್ಲಿ ಸವರು. ಮಡಚೋವಾಗ ಮಧ್ಯೆ ಒಂದು ಹತ್ತಿ ಪಂಚೆ ಇಡು.

— ಬಾನೆಟ್ ಹತ್ತಿರದ ಬಿರುಕು ನೋಡಿ. ಜೇಡರ ಬಲೆಯಂತೆ ಹರಡಿದೆ. ಟಿಂಕರಿಂಗ್ ಅಂಗಡಿಯಲ್ಲಿ ಪುಟ್ಟಿ ತುಂಬಿ ಪೇಂಟ್ ಹೊಡೆದು ಕೊಟ್ಟರು. ಮೂರು ತಿಂಗಳಿಗೆ ಮತ್ತೆ ಬಂತು.

— ಬರದೆ ಇರುತ್ತಾ? ತಗಡಿನ ಮೇಲೆ ಕೈ ಪಳಗಿದವರಿಗೆ ಫೈಬರಿನ ಸ್ವಭಾವ ಗೊತ್ತಿರಬೇಕಾಗಿಲ್ಲ. ಬಿರುಕಿನ ನಡುವೆ ಏನಿದೆ ನೋಡು, ಒಂದು ಬೋಲ್ಟು. ತಗಡು ಬಿಗಿ ಮಾಡಿದರೆ ಬಗ್ಗುತ್ತೆ, ಫೈಬರು ಬಗ್ಗದೆ ಸೀಳುತ್ತೆ. ಪುಟ್ಟಿ ಬಿರುಕಿನ ಬಾಯಿ ಮುಚ್ಚಿತು, ಬೋಲ್ಟಿನ ಹಿಡಿತ ಹಾಗೇ ಉಳಿಯಿತು. ಅಗಲದ ವಾಷರ್, ಅದರ ಕೆಳಗೆ ರಬ್ಬರ್, ಕೈ ಸ್ಪ್ಯಾನರಿನಲ್ಲಿ ಮುಟ್ಟುವಷ್ಟು ಬಿಗಿ, ಅಷ್ಟೇ. ಸಡಿಲ ಆಗುತ್ತೆ ಅನ್ನೋ ಭಯಕ್ಕೆ ನೈಲಾನ್ ನಟ್ ಹಾಕು. ಆಮೇಲೆ ಬಿರುಕನ್ನ V ಆಕಾರಕ್ಕೆ ಗೀರಿ, ಹಿಂಬದಿಯಿಂದ ಗ್ಲಾಸ್ ಮ್ಯಾಟು, ರೆಸಿನ್ ಕೂರಿಸಬೇಕು.

— ಅದನ್ನ ಇಲ್ಲಿ ಯಾರು ಮಾಡ್ತಾರೆ?

— ಮಲ್ಪೆ ಕಡೆ ಫೈಬರ್ ದೋಣಿ ಮಾಡೋವರು ಇದ್ದಾರೆ. ಸಮುದ್ರದಲ್ಲಿ ಅಲೆಯ ಹೊಡೆತಕ್ಕೆ ನಿಲ್ಲೋ ಕೆಲಸ ಅವರದು. ಈ ಬಿರುಕು ಅವರಿಗೆ ಕೂತು ಏಳೋ ಹೊತ್ತಿನ ಕೆಲಸ. ಆದರೆ ಮಳೆಗಾಲದಲ್ಲಿ ಬೇಡ. ತೇವ ಇದ್ದರೆ ಪಾಲಿಯೆಸ್ಟರ್ ರೆಸಿನ್ ಸರಿಯಾಗಿ ಗಟ್ಟಿಯಾಗಲ್ಲ, ಮೇಲ್ಪದರ ಅಂಟಂಟಾಗೇ ಉಳಿಯುತ್ತೆ. ಬೇಗ ಒಣಗಲಿ ಅಂತ ಹಾರ್ಡ್‌ನರ್ ಹೆಚ್ಚು ಸುರಿದರೆ ಬಿಸಿಯೇರಿ ಪೆಡಸಾಗುತ್ತೆ. ನೂರಕ್ಕೆ 1ರಿಂದ 2 ಭಾಗ, ಅಷ್ಟೇ ಅದರ ಅಳತೆ. ಅರೇಬಿಕಾ ಕುಯ್ಲು ಮುಗಿದು ಬಿಸಿಲು ಗಟ್ಟಿಯಾಗೋ ಜನವರಿ ಕೊನೆ ಒಳ್ಳೇ ಕಾಲ. ಮಾರ್ಚಿನ ಹೂಮಳೆ ಬರೋದರೊಳಗೆ ಪೇಂಟೂ ಮುಗೀಬೇಕು.

— ಇನ್ನೊಂದಿದೆ. ಎಪ್ಪತ್ತು ದಾಟಿದರೆ ಟಾಪಿನ ಮೂಲೆಯಲ್ಲಿ ಸಣ್ಣ ಶಿಳ್ಳೆ ಬರುತ್ತೆ. ಗೇರ್ ಬದಲಿಸಿದಾಗ ಲಿವರ್ ಕೈಯಲ್ಲಿ ಸಣ್ಣಗೆ ಅದುರುತ್ತೆ. ಸೈಲೆನ್ಸರ್ ಸದ್ದು ಸುರಂಗದಲ್ಲಿ ಹೋದ ಹಾಗೆ ಒಳಗೆ ಕೇಳುತ್ತೆ.

— ಈ ಮೂರನ್ನ ಪಟ್ಟಿಯಿಂದ ಹೊಡೆದುಹಾಕು. ಬಟ್ಟೆ ಟಾಪಿಗೆ ಶಿಳ್ಳೆ ಇರುತ್ತೆ. ಲಿವರ್ ಅದುರೋದು ಗೇರ್‌ಬಾಕ್ಸ್ ನಿನ್ನ ಜೊತೆ ಮಾತಾಡೋದು. ಆ ಅದುರು ಇದ್ದಕ್ಕಿದ್ದಂತೆ ಹೆಚ್ಚಾದ ದಿನ ಎಂಜಿನ್ ಮೌಂಟಿಂಗ್ ರಬ್ಬರ್ ಹೋಗಿದೆ ಅಂತ ನಿನಗೆ ತಕ್ಷಣ ತಿಳಿಯುತ್ತೆ. ಈಗಲೇ ಅದನ್ನ ಮುಚ್ಚಿಹಾಕಿದರೆ ಆ ದಿನ ಗೊತ್ತೇ ಆಗಲ್ಲ. ಸೈಲೆನ್ಸರ್ ಸದ್ದಿನ ವಿಷಯಕ್ಕೆ ಬಂದರೆ, 1989ರಲ್ಲಿ ಮಾಜ್ದಾದವರು ಎಂಎಕ್ಸ್-5 ಅನ್ನೋ ಹಗುರ ಗಾಡಿ ತಂದಾಗ ಸೈಲೆನ್ಸರಿನಿಂದ ಎಂಥ ಸದ್ದು ಬರಬೇಕು ಅಂತ ಕೂತು ಆರಿಸಿದ್ದರು. ಕುದುರೆಯೂ ಸವಾರನೂ ಒಂದೇ ಆಗಬೇಕು ಅನ್ನೋದು ಅವರ ಗುರಿ. ಸವಾರನಿಗೆ ಕುದುರೆಯ ಉಸಿರೇ ಕೇಳದಿದ್ದರೆ ಒಂದಾಗೋದು ಹೇಗೆ?

— ಸರಿ, ಹೊಡೆದುಹಾಕಿದೆ. ಹಾಗಾದರೆ ಪಟ್ಟಿ ಮುಗಿಯಿತು.

— ನಿನ್ನ ಪಟ್ಟಿ ಮುಗಿಯಿತು. ಇಷ್ಟು ಹೊತ್ತು ನಾವು ನೋಡಿದ್ದೆಲ್ಲಾ ಸದ್ದು ಮಾಡೋವು, ಸೋರೋವು, ಮಿಣುಕೋವು. ಕಿರಿಕಿರಿ ಮಾಡದೆ ಕೂತಿರೋವನ್ನ ನೀನು ಬರೆದೇ ಇಲ್ಲ. ಪೆಟ್ರೋಲ್ ಹೋಸ್ ಬದಲಿಸಿದ್ದೀಯಾ?

— ಇಲ್ಲ. ಸೋರ್ತಿಲ್ಲವಲ್ಲ?

— ಈ ಗಾಡಿ ಹುಟ್ಟಿದಾಗ ಬಂಕಿನಲ್ಲಿ ಸಿಗ್ತಿದ್ದ ಪೆಟ್ರೋಲ್ ಬೇರೆ, ಈಗ ಸಿಗೋದು ಬೇರೆ. ಈಗ ನೂರಕ್ಕೆ 20 ಎಥೆನಾಲ್ ಬೆರೆಸಿದ್ದು. ಹಳೇ ರಬ್ಬರು ಅದಕ್ಕೆ ಮೆತ್ತಗಾಗುತ್ತೆ, ಇಲ್ಲವೇ ಬಿರಿಯುತ್ತೆ. ಎಥೆನಾಲ್ ತಡೆಯೋ ಹೋಸ್ ಅಂತಲೇ ಕೇಳಿ ತಗೊಂಡು ಟ್ಯಾಂಕಿನಿಂದ ಎಂಜಿನ್‌ವರೆಗೂ ಬದಲಿಸು, ಕ್ಲಿಪ್ ಸಮೇತ. ಫೈಬರ್ ಬಾಡಿ ಬೆಂಕಿ ಹತ್ತಿದರೆ ಆರಿಸೋದು ಕಷ್ಟ. ಇದನ್ನ ಮಾಡದೆ ಹಾಸನಕ್ಕೆ ಹೋಗಬೇಡ. ಮಳೆಗಾಲದಲ್ಲಿ ಗಾಡಿ ತಿಂಗಳುಗಟ್ಟಲೆ ನಿಲ್ಲೋದಾದರೆ ಹಳೇ ಪೆಟ್ರೋಲ್ ಉಳಿಸಬೇಡ, ಅದು ಗಾಳಿಯ ತೇವ ಹೀರುತ್ತೆ. ಆಮೇಲೆ ಟೈಮಿಂಗ್ ಬೆಲ್ಟು. ಕೊಟ್ಟವರು ಯಾವಾಗ ಹಾಕಿದ್ದು ಅಂತ ಹೇಳಿದರಾ?

— ‘ಕಿಲೋಮೀಟರ್ ಕಡಿಮೆ ಓಡಿದೆ, ಹೊಸದರಂತಿದೆ’ ಅಂದರು.

— ರಬ್ಬರ್ ಬೆಲ್ಟಿಗೆ ಕಿಲೋಮೀಟರ್ ಒಂದೇ ಲೆಕ್ಕ ಅಲ್ಲ, ವರ್ಷವೂ ಲೆಕ್ಕ. ನಿಂತಲ್ಲೇ ನಿಂತು ಮುದಿಯಾಗುತ್ತೆ. ಸದ್ದಿಲ್ಲ, ವಾಸನೆ ಇಲ್ಲ, ಮುನ್ಸೂಚನೆ ಇಲ್ಲ. ಹರಿದ ಕ್ಷಣಕ್ಕೆ ಗಾಡಿ ನಿಂತಲ್ಲೇ ನಿಲ್ಲುತ್ತೆ. ಅದು ನಿಲ್ಲೋ ಜಾಗ ಆನೆ ದಾಟೋ ತಿರುವಾದರೆ? ವಾಲ್ವ್ ಪಿಸ್ಟನ್ನಿಗೆ ಬಡಿದಿದ್ದರೆ ಹೆಡ್ಡೇ ಇಳಿಸಬೇಕು. ಯಾವಾಗ ಹಾಕಿದ್ದು ಗೊತ್ತಿಲ್ಲ ಅಂದರೆ ಇವತ್ತೇ ಬದಲಿಸಬೇಕು ಅಂತ ಅರ್ಥ. ಬೆಲ್ಟು, ಟೆನ್ಷನರ್ ಎರಡೂ. ಇಲ್ಲಿ ಅಂಗಡಿಗಳಲ್ಲಿ ಕೇಳಿದರೆ ಸಾನ್ ಸ್ಟಾರ್ಮ್ ಹೆಸರೇ ಕೇಳಿಲ್ಲ ಅಂತಾರೆ. ಗಾಡಿ ಹೆಸರು ಹೇಳಲೇಬೇಡ. ಎಂಜಿನ್ ಹೆಸರು ಹೇಳು: ಡಿ7ಎಫ್. ಟ್ವಿಂಗೊ, ಕ್ಲಿಯೊಗೆ ಬರ್ತಿದ್ದದ್ದು ಅಂತ ಹೇಳು. ಹೊರದೇಶದಲ್ಲಿ ಆ ಎಂಜಿನ್ ಲಕ್ಷಗಟ್ಟಲೆ ಓಡಿದೆ, ಬಿಡಿಭಾಗ ಸಿಗುತ್ತೆ.

— ಜರ್ಮನಿಯಲ್ಲಿ ನನ್ನ ಕಾಲೇಜಿನವಳು ಒಬ್ಬಳಿದ್ದಾಳೆ. ಡಿಸೆಂಬರಿಗೆ ಬರ್ತಾಳೆ. ತರೋಕೆ ಹೇಳಲಾ?

— ಹೇಳು. ಆದರೆ ಹೆಸರೊಂದೇ ಸಾಲದು, ಡಿ7ಎಫ್‌ನಲ್ಲೂ ಬಗೆ ಬಗೆ ಇವೆ. ಬ್ಲಾಕಿನ ಮೇಲೆ ಒಂದು ಸಣ್ಣ ಫಲಕ ಇರುತ್ತೆ. ದೂಳು ಒರೆಸಿ ಅದರ ಫೋಟೊ ತೆಗೆದು ಕಳಿಸು, ಹಳೇ ಬೆಲ್ಟಿನ ಹಲ್ಲು ಎಣಿಸಿ ಅಗಲ ಅಳೆದು ಜೊತೆಗೆ ಬರಿ. ಅಲ್ಲಿಯವರೆಗೆ ಗಾಡಿ ಬಿಕ್ಕೋಡು ಪೇಟೆ ದಾಟೋದು ಬೇಡ.

— ಬೇಲೂರಿಗೂ ಬೇಡವಾ?

— ಬೇಲೂರಿಗೂ ಬೇಡ. ಟಾರ್ಚ್ ಕೊಡು, ಫಲಕ ಎಲ್ಲಿದೆ ನೋಡೋಣ.